ಹಿಂದೆ ಎಂಜಿನ್ ಇರುವ ಕಾರನ್ನು ಹಿಂದೆಮುಂದೆ ನೋಡದೆ ಕೊಂಡೆ

ನನ್ನ ಕಾರಿನ ಎಂಜಿನ್ ಈಗ ಗ್ಯಾರೇಜಿನ ನೆಲದಲ್ಲಿ ಒಂದು ಮರದ ಹಲಗೆ ಮೇಲೆ ಕೂತಿದೆ. ಕಾರು ಪಕ್ಕದಲ್ಲೇ ನಿಂತಿದೆ, ಹಿಂದಿನ ಭಾರ ಇಲ್ಲದೆ ಬಾಲ ಮೇಲೆತ್ತಿಕೊಂಡು. ಹಳೆಯ ಮ್ಯಾನುವಲ್ ಪೋರ್ಷೆ 911 ಹುಡುಕುತ್ತಿರುವವರು ದುಡ್ಡು ಕೊಡುವ ಮೊದಲು ಇದನ್ನೊಮ್ಮೆ ಓದಿಬಿಡಿ.

ನನಗೆ ಮೂರು ಪೆಡಲ್ ಇರುವ ಕಾರೇ ಬೇಕಿತ್ತು. ಅದೊಂದು ಹಠ. 2008ರಲ್ಲಿ ತಾನೇ ಗೇರ್ ಬದಲಿಸುವ ಪಿಡಿಕೆ ಗೇರ್‌ಬಾಕ್ಸ್ ಬಂದ ಮೇಲೆ ಮ್ಯಾನುವಲ್ ಕೊಳ್ಳುವವರು ಕಡಿಮೆಯಾದರು. 911ರದ್ದೇ ರೇಸಿಂಗ್ ಶೈಲಿಯ ಮಾದರಿಯಾದ 2013ರ ಜಿಟಿ3ಗಂತೂ ಮ್ಯಾನುವಲ್ ಕೊಡಲೇ ಇಲ್ಲ. ಅಭಿಮಾನಿಗಳು ಗೊಣಗಿದರು. 2016ರಲ್ಲಿ ಬರೀ ಮ್ಯಾನುವಲ್‌ನಲ್ಲಿ ಬಂದ 911 ಆರ್ ಒಟ್ಟು 991 ಮಾತ್ರ ತಯಾರಾಯಿತು, ಸಿಗದವರು ಇನ್ನಷ್ಟು ಗೊಣಗಿದರು. ಈ ಹುಚ್ಚು ಮಾರುವವರಿಗೆ ಚೆನ್ನಾಗಿ ಗೊತ್ತು. ಮ್ಯಾನುವಲ್ ಅಂದರೆ ಸಾಕು, ನಮ್ಮಂಥವರು ಬೇರೇನೂ ಕೇಳುವುದಿಲ್ಲ.

ನಾನು ನೋಡಿದ್ದು 2007ರ ಕಾರು, 997 ಅನ್ನುವ ತಲೆಮಾರಿನ 911. ಈ ಎಂಜಿನ್ ಬಗ್ಗೆ ಓದಿದವರೆಲ್ಲ ಐಎಂಎಸ್ ಬೇರಿಂಗ್ ಹೆಸರು ಕೇಳಿಯೇ ಇರುತ್ತಾರೆ, ಎಂಜಿನ್ ಒಳಗಿನ ಒಂದು ಶಾಫ್ಟಿನ ಬೇರಿಂಗ್ ಅದು, ಮುರಿದರೆ ಎಂಜಿನ್ನೇ ಹಾಳು. ನಾನೂ ಅದೊಂದನ್ನೇ ಹಿಡಿದುಕೊಂಡು ಹೋದೆ. ಬೇರಿಂಗ್, ಬೇರಿಂಗ್ ಅಂತ ನಾಲ್ಕು ಸಲ ಕೇಳಿದೆ. ಮಾರುವವರು ನಗುತ್ತಾ ಆಯಿಲ್ ಫಿಲ್ಟರ್‌ನ ಫೋಟೋ ತೋರಿಸಿದರು, ಒಂದು ಚೂರು ಲೋಹದ ಪುಡಿಯೂ ಇಲ್ಲ. "ಕ್ಲಚ್ ಕೂಡ ಹೊಸದು ಸರ್" ಅಂದರು. ನನಗೆ ಖುಷಿಯೋ ಖುಷಿ. ಯಾಕೆ ಹೊಸದು, ಹಳೆಯದಕ್ಕೆ ಏನಾಗಿತ್ತು ಅಂತ ಬಾಯಿ ಬಿಟ್ಟು ಕೇಳಲಿಲ್ಲ.

ನಾನು ಹೋದಾಗ ಎಂಜಿನ್ ಆಗಲೇ ಬಿಸಿಯಾಗಿತ್ತು. "ನಿಮಗೋಸ್ಕರ ತೊಳೆದು ಒಂದು ರೌಂಡ್ ಹೋಗಿಬಂದೆ" ಅಂದರು. ಎಂಥ ಒಳ್ಳೆಯ ಮನುಷ್ಯ ಅಂದುಕೊಂಡೆ! ರಾತ್ರಿಯೆಲ್ಲ ತಣ್ಣಗೆ ನಿಂತ ಎಂಜಿನ್ ಮೊದಲ ಎರಡು ನಿಮಿಷದಲ್ಲಿ ಹೇಳುವ ಸತ್ಯವನ್ನು ಬಿಸಿ ಎಂಜಿನ್ ಹೇಳುವುದಿಲ್ಲ. ಇದು ನನಗೆ ಗೊತ್ತಿದ್ದ ವಿಷಯವೇ. ಆದರೂ ಬಿಟ್ಟೆ.

ಎರಡು ತಿಂಗಳಲ್ಲಿ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಸಣ್ಣ ಮುಗ್ಗರಿಕೆ ಶುರುವಾಯಿತು. ಆಮೇಲೆ ಆಯಿಲ್ ಜಾಸ್ತಿ ಕುಡಿಯತೊಡಗಿತು. ಸಿಲಿಂಡರಿಗೆ ಗಾಳಿ ತುಂಬಿ ಸೋರಿಕೆ ನೋಡುವ ಲೀಕ್‌ಡೌನ್ ಟೆಸ್ಟ್‌ನಲ್ಲಿ ಒಂದು ಸಿಲಿಂಡರ್ ಗಾಳಿಯನ್ನು ಹಿಡಿದಿಟ್ಟುಕೊಳ್ಳಲೇ ಇಲ್ಲ. ಮೆಕ್ಯಾನಿಕ್ ನನ್ನನ್ನೇ ಒಂಥರಾ ನೋಡಿದರು. ಲ್ಯಾಪ್‌ಟಾಪ್ ಹಾಕಿ ಎಂಜಿನ್ ಕಂಪ್ಯೂಟರ್‌ನಲ್ಲಿದ್ದ ಓವರ್‌ರೆವ್ ಲೆಕ್ಕ ತೆಗೆದರು, ಅಂದರೆ ಎಂಜಿನ್ ಮಿತಿ ಮೀರಿ ತಿರುಗಿದ್ದರ ದಾಖಲೆ.

ಇದು ಮ್ಯಾನುವಲ್‌ಗೆ ಮಾತ್ರ ಬರುವ ರೋಗ. ಮೂರನೇ ಗೇರ್‌ನಲ್ಲಿ 7,000 ಆರ್‌ಪಿಎಂ ತನಕ ಎಳೆದು ನಾಲ್ಕಕ್ಕೆ ಹಾಕಬೇಕು. ನೇರ ಕೆಳಗೆ. ಅವಸರದಲ್ಲಿ ಕೈ ಬಿಗಿಯಾಗಿ ಚೂರು ಎಡಕ್ಕೆ ಸರಿಯಿತೋ, ಬೀಳುವುದು ಎರಡನೇ ಗೇರ್. ಕ್ಲಚ್ ಬಿಟ್ಟ ಕ್ಷಣ ಚಕ್ರಗಳೇ ಎಂಜಿನ್ನನ್ನು 10,000ದ ಹತ್ತಿರ ತಿರುಗಿಸಿಬಿಡುತ್ತವೆ. ಎಂಜಿನ್ ವೇಗಕ್ಕೆ ಕಡಿವಾಣ ಹಾಕುವ ರೆವ್ ಲಿಮಿಟರ್ ಇದೆಯಲ್ವಾ ಅಂತ ಕೇಳಬೇಡಿ. ಅದು ಪೆಟ್ರೋಲ್ ನಿಲ್ಲಿಸಬಲ್ಲದು, ಚಕ್ರವನ್ನು ನಿಲ್ಲಿಸಲಾರದು. ವಾಲ್ವ್‌ಗಳು ಸಮಯಕ್ಕೆ ಮುಚ್ಚದೆ ಪಿಸ್ಟನ್‌ಗೆ ತಾಗುತ್ತವೆ, ಬಾಗುತ್ತವೆ. ಪಿಡಿಕೆಯಲ್ಲಾದರೆ ಕಂಪ್ಯೂಟರ್ ಅಂಥ ಗೇರನ್ನು ಹಾಕಲು ಒಪ್ಪುವುದೇ ಇಲ್ಲ.

ಈ ಕಾರಿನಲ್ಲಿ ಆ ಲೆಕ್ಕ ಆರು ಸಾಲಾಗಿ ಬರುತ್ತದೆ. ಮೊದಲ ಸಾಲುಗಳಲ್ಲಿ ಅಂಕಿ ಇದ್ದರೆ ಯಾರೋ ಲಿಮಿಟರ್ ಮುಟ್ಟಿಸಿದ್ದಾರೆ ಅಷ್ಟೇ, ತಲೆ ಕೆಡಿಸಿಕೊಳ್ಳಬೇಡಿ. ಐದು, ಆರನೇ ಸಾಲು ತಪ್ಪು ಗೇರ್ ಹಾಕದೆ ತುಂಬುವುದಿಲ್ಲ. ನನ್ನದರ ಆರನೇ ಸಾಲಿನಲ್ಲಿ 88 ಅಂತಿತ್ತು. ಅದು ಕಿಡಿಗಳ ಎಣಿಕೆ. ಆರು ಸಿಲಿಂಡರ್ ಎಂಜಿನ್ 10,000ದಲ್ಲಿ ಸೆಕೆಂಡಿಗೆ 500 ಕಿಡಿ ಹಾರಿಸುತ್ತದೆ. ಅಂದರೆ ಸೆಕೆಂಡಿನ ಐದನೇ ಒಂದು ಭಾಗವೂ ಇಲ್ಲ! ಕಣ್ಣು ಮಿಟುಕಿಸುವಷ್ಟು ಹೊತ್ತು.

ಮೊದಲು ಬಂದ ಯೋಚನೆ, ನಾನೇ ಮಾಡಿದ್ದೆನಾ ಅಂತ. ಆದರೆ ಪ್ರತಿ ಸಾಲಿನ ಪಕ್ಕ ಅದು ಕೊನೆಯ ಸಲ ಆದಾಗ ಎಂಜಿನ್ ಎಷ್ಟು ಗಂಟೆ ಓಡಿತ್ತು ಅಂತಲೂ ಇರುತ್ತದೆ. 1,398ನೇ ಗಂಟೆ. ಈಗ 1,466. ನಾನು ಓಡಿಸಿದ್ದು ಹೆಚ್ಚೆಂದರೆ 60 ಗಂಟೆ. ಅಂದರೆ ಕಾರು ನನ್ನ ಕೈಗೆ ಬರುವುದಕ್ಕೆ ಕನಿಷ್ಠ ಎಂಟು ಗಂಟೆ ಓಟದ ಹಿಂದೆ, ಹೊಸ ಕ್ಲಚ್ ಹಾಕಿದ ಆಸುಪಾಸಿನಲ್ಲೇ. ಮಾರಿದವರಿಗೆ ಫೋನ್ ಮಾಡಿದೆ. "ನೀವೇ ಓಡಿಸಿ ನೋಡಿ ತಗೊಂಡಿದ್ದಲ್ವಾ ಸರ್?" ಅಂದರು. ಹೌದು, ಅಲ್ವಾ.

ಇನ್ನೊಂದು ಘಟನೆಯನ್ನೂ ಹೇಳಿಬಿಡುತ್ತೇನೆ. ಇದರಲ್ಲಿ ತಪ್ಪು ಮುಕ್ಕಾಲು ನನ್ನದೇ. ಮಳೆ ನಿಂತ ರಸ್ತೆ. ಒಂದು ತಿರುವಿಗೆ ಸ್ವಲ್ಪ ಜೋರಾಗಿಯೇ ನುಗ್ಗಿದೆ. ಮಧ್ಯದಲ್ಲಿ ಹೆದರಿ ಆಕ್ಸಿಲರೇಟರ್‌ನಿಂದ ಕಾಲು ಪೂರ್ತಿ ತೆಗೆದೆ. ಬೇರೆ ಕಾರಿನಲ್ಲಾದರೆ ಬಚಾವಾಗುತ್ತಿದ್ದೆನೇನೋ. ಇದರಲ್ಲಿ ಶೇ. 60ಕ್ಕಿಂತ ಜಾಸ್ತಿ ಭಾರ ಹಿಂದಿನ ಚಕ್ರಗಳ ಮೇಲೆ. ಕಾಲು ತೆಗೆದರೆ ಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಟೈರ್‌ಗಳ ಹಿಡಿತ ತಪ್ಪುತ್ತದೆ, ಆಮೇಲೆ ಎಂಜಿನ್ ಕವಣೆ ಕಲ್ಲಿನ ಹಾಗೆ ಬೀಸಿಕೊಂಡು ಬರುತ್ತದೆ. ಈ ಚಾಳಿಗೇ 1969ರ ಮಾದರಿಯಲ್ಲಿ ಕಾರಿನ ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರವಾದ ವೀಲ್‌ಬೇಸನ್ನು 57 ಮಿ.ಮೀ. ಉದ್ದ ಮಾಡಿದ್ದರು. ಈಗ ಕಾರು ಜಾರದಂತೆ ಹಿಡಿಯುವ ಪಿಎಸ್ಎಂ ಅನ್ನುವ ಎಲೆಕ್ಟ್ರಾನಿಕ್ ವ್ಯವಸ್ಥೆ ಇದೆ. ನಾನು ಶೋಕಿಗೆ ಅದನ್ನು ಆಫ್ ಮಾಡಿದ್ದೆ.

ವಿಂಡ್‌ಶೀಲ್ಡಿನಲ್ಲಿ ನಾನು ಬಂದ ರಸ್ತೆಯೇ ಕಾಣಿಸಿತು. ಹಿಂದಿನ ಚಕ್ರ ಕಲ್ಲಂಚಿಗೆ ಹೊಡೆದು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಕೆಳಗಿಳಿದು ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತಾಗ ಟೈರಿನ ಮೇಲಿನ ನಾಲ್ಕು ಅಂಕಿ ಕಣ್ಣಿಗೆ ಬಿತ್ತು: 1412. ಅಂದರೆ ಟೈರ್ ತಯಾರಾಗಿದ್ದು 2012ರ 14ನೇ ವಾರ. ಗೀರುಗಳು ಹೊಸದರಂತೆ ಆಳವಾಗಿದ್ದವು. ರಬ್ಬರ್‌ಗೆ ಉಗುರು ಒತ್ತಿದರೆ ಹಲಗೆಗೆ ಒತ್ತಿದ ಹಾಗಿತ್ತು.

ಹಾಗಾಗಿ ಕೇಳಿಕೊಳ್ಳುವುದಿಷ್ಟೇ. ತಣ್ಣಗಿರುವ ಎಂಜಿನ್ನನ್ನು ನೀವೇ ಸ್ಟಾರ್ಟ್ ಮಾಡಿ. ಬಿಸಿ ಇದ್ದರೆ ಇನ್ನೊಂದು ದಿನ ಬರುತ್ತೇನೆ ಅಂತ ಹೊರಡಿ. ಓವರ್‌ರೆವ್ ಲೆಕ್ಕ ತೆಗೆಸಿ, ಗಂಟೆಗಳನ್ನು ಕಿಲೋಮೀಟರ್ ಜತೆ ತಾಳೆ ಹಾಕಿ. ಅದನ್ನು ಓದಲು ಅರ್ಧ ಗಂಟೆಯೂ ಬೇಡ. ಓದಿಸಲು ಒಪ್ಪದವರ ಕಾರನ್ನು ಬಿಟ್ಟುಬಿಡಿ, ಬಣ್ಣ ಎಷ್ಟೇ ಚೆನ್ನಾಗಿರಲಿ. ನಾನು ಬಿದ್ದಿದ್ದೇ ಆ ಬಣ್ಣಕ್ಕೆ, ಇರಲಿ.

ನಿನ್ನೆ ಗ್ಯಾರೇಜಿಗೆ ಹೋಗಿದ್ದೆ. ಬಾಗಿದ ವಾಲ್ವ್ ಒಂದನ್ನು ಮೆಕ್ಯಾನಿಕ್ ಕೈಗಿಟ್ಟರು. ಆಮೇಲೆ ಸುಮ್ನೆ ಕಾರಿನಲ್ಲಿ ಕೂತು ಮೂರರಿಂದ ನಾಲ್ಕಕ್ಕೆ ಹಾಕಿ ನೋಡಿದೆ, ಈ ಸಲ ಮುಷ್ಟಿ ಬಿಗಿಯದೆ, ಅಂಗೈಯಲ್ಲಿ. ಗೇರ್‌ಬಾಕ್ಸ್ ಕಳಚಿರುವುದು ಮರೆತೇ ಹೋಗಿತ್ತು. ಲಿವರ್ ಎತ್ತೆತ್ತಲೋ ಓಲಾಡಿತು.