ಸಂಘದ ಹೊಸ ಮನೆಗಾಗಿ ದೇಣಿಗೆ: ಒಂದು ಸಲಹಾ ಸೇವೆಯ ವಿಮರ್ಶೆ

ಅಮೆರಿಕದಲ್ಲಿ ಓದುವಾಗ ನಾನು ಸದಸ್ಯನಾಗಿದ್ದ ಫ್ರಟರ್ನಿಟಿಯ (ಕಾಲೇಜು ವಿದ್ಯಾರ್ಥಿಗಳ ಸಾಮಾಜಿಕ ಸಂಘದ) ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟಲು ಹಳೆಯ ವಿದ್ಯಾರ್ಥಿಗಳಾದ ನಾವು ನಿರ್ಧರಿಸಿದಾಗ, ದೇಣಿಗೆ ಸಂಗ್ರಹದ ಹೊಣೆಯನ್ನು ಒಂದು ವೃತ್ತಿಪರ ಸಲಹಾ ಸಂಸ್ಥೆಗೆ ಒಪ್ಪಿಸಿದೆವು.

ಅವರ ಕೆಲಸದಲ್ಲಿ ನಾನು ಅತ್ಯಂತ ಮೆಚ್ಚಿದ್ದು ಆರಂಭದ ಸಮೀಕ್ಷೆ. ಗುರಿಯ ಮೊತ್ತವನ್ನು ಘೋಷಿಸುವ ಮೊದಲೇ ಬೇರೆ ಬೇರೆ ವರ್ಷಗಳಲ್ಲಿ ಪದವಿ ಪಡೆದವರನ್ನು ಒಬ್ಬೊಬ್ಬರಾಗಿ ಭೇಟಿಯಾಗಿ, ಅವರು ಎಷ್ಟು ಕೊಡಬಲ್ಲರು, ಯಾವ ಅಳುಕಿನಿಂದ ಹಿಂಜರಿಯುತ್ತಾರೆ ಎಂಬುದನ್ನು ಗೋಪ್ಯವಾಗಿ ಕೇಳಿ ತಿಳಿದರು. ಬಳಿಕ ದೊಡ್ಡ ದಾನಿಗಳ ವಾಗ್ದಾನಗಳು ಕೈಸೇರಿದ ಮೇಲಷ್ಟೇ ಉಳಿದವರಿಗೆ ಕರೆ ಕೊಟ್ಟರು. ವಾಗ್ದಾನದ ಹಣವನ್ನು ಐದು ವರ್ಷಗಳ ಕಂತುಗಳಲ್ಲಿ ಕೊಡಲು ಅವಕಾಶವಿದ್ದುದರಿಂದ, ನನ್ನಂತಹ ಸಾಧಾರಣ ಸಂಬಳದವರೂ ಸಂಕೋಚವಿಲ್ಲದೆ ಕೈಜೋಡಿಸಲು ಸಾಧ್ಯವಾಯಿತು.

ತೆರಿಗೆಯ ವಿಷಯದಲ್ಲಿ ಮಾತ್ರ ಅವರ ಪತ್ರಗಳು ಅಸ್ಪಷ್ಟವಾಗಿದ್ದವು, ಇದು ಸಣ್ಣ ಲೋಪವಲ್ಲ. ಅಲ್ಲಿನ ಕಾನೂನಿನ 501(ಸಿ)(7) ವಿಧಿಯಡಿ ಬರುವ ಸಾಮಾಜಿಕ ಸಂಘಕ್ಕೆ ಕೊಟ್ಟ ದೇಣಿಗೆಗೆ ತೆರಿಗೆ ವಿನಾಯಿತಿ ಇಲ್ಲ. 501(ಸಿ)(3) ವಿಧಿಯ ಶೈಕ್ಷಣಿಕ ಪ್ರತಿಷ್ಠಾನಕ್ಕೆ ಕೊಟ್ಟರೆ ವಿನಾಯಿತಿ ಸಿಗಬಹುದಾದರೂ, ಆ ಹಣ ಓದುವ ಕೋಣೆ, ಗ್ರಂಥಾಲಯದಂತಹ ಶೈಕ್ಷಣಿಕ ಭಾಗಗಳಿಗೇ ಸಲ್ಲಬೇಕು. ಈ ವ್ಯತ್ಯಾಸವನ್ನು ನಾನು ಎರಡು ಬಾರಿ ಬರೆದು ಕೇಳಿದ ಮೇಲಷ್ಟೇ ವಿವರಿಸಿದರು. ಚೆಕ್ ಬರೆಯುವ ಮುನ್ನವೇ ದಾನಿಗೆ ಇದು ತಿಳಿದಿರಬೇಕಿತ್ತು.

ಶುಲ್ಕ ದುಬಾರಿಯೇ. ಆದರೆ ಅದನ್ನು ಸಂಗ್ರಹವಾದ ಹಣದ ಶೇಕಡಾವಾರು ಪಾಲಾಗಿ ಪಡೆಯದೆ ಮೊದಲೇ ನಿಗದಿಪಡಿಸಿದ್ದರಿಂದ, ಅವರು ಯಾರನ್ನೂ ಒತ್ತಾಯಿಸಲಿಲ್ಲ. ಮತ್ತೊಂದು ಸಂಘದ ಗೆಳೆಯರು ಕೇಳಿದಾಗ, ತೆರಿಗೆಯ ಪ್ರಶ್ನೆಗಳಿಗೆ ಬೇರೆ ವಕೀಲರನ್ನು ಇಟ್ಟುಕೊಳ್ಳಿ ಎಂದು ಹೇಳಿ ಇದೇ ಸಂಸ್ಥೆಯನ್ನು ಸೂಚಿಸಿದ್ದೇನೆ.