ನಿಟ್‌ಪ್ರೊ ಸಿಂಫನಿ ಸೂಜಿ ಸೆಟ್: ಅರ್ಧಕ್ಕೆ ನಿಂತಿದ್ದ ಸ್ವೆಟರ್‌ಗಳೆಲ್ಲ ಮತ್ತೆ ಕೈಗೆ ಬಂದ್ವು

ಬೀರು ಮೇಲೆ ಒಂದು ಬ್ಯಾಗ್ ತುಂಬಾ ಅರ್ಧಂಬರ್ಧ ಹೆಣೆದ ಸ್ವೆಟರು ಶಾಲು ಇಟ್ಕೊಂಡು, ದಿನಾ ನೋಡಿ ದಿನಾ ಮುಖ ತಿರುಗಿಸ್ಕೊಂಡು ಓಡಾಡೋರು ಯಾರಾದ್ರೂ ಇದ್ರೆ ಈ ರಿವ್ಯೂ ನಿಮಗೇ ಬರೀತಿರೋದು. ನಾನು ತಗೊಂಡಿದ್ದು ನಿಟ್‌ಪ್ರೊ ಸಿಂಫನಿ ಡೀಲಕ್ಸ್ ಸೆಟ್. ಬಣ್ಣಬಣ್ಣದ ಮರದ ಸೂಜಿ ತುದಿಗಳು ಬೇರೆ, ಎರಡು ತುದಿ ನಡುವೆ ಬರೋ ಬಾಗೋ ಕೇಬಲ್ ಬೇರೆ, ಯಾವ ಜೊತೆ ತುದಿನ ಯಾವ ಕೇಬಲ್‌ಗೆ ಬೇಕಾದ್ರೂ ತಿರುಗಿಸಿ ಕೂರಿಸ್ಕೋಬಹುದು. ಕಂಪನಿ ನಮ್ಮ ದೇಶದ್ದೇ, ಹೊರದೇಶದ ಹೆಣಿಗೆಯೋರೂ ಇದನ್ನೇ ಹುಡುಕ್ಕೊಂಡು ತಗೋತಾರೆ ಅಂತ ತಿಳಿದಾಗ ಖುಷಿ ಆಯ್ತು.

ಹೆಣಿಗೆ ಯಾಕೆ ನಿಂತುಹೋಗುತ್ತೆ ಅಂದ್ರೆ ಎಲ್ಲರೂ ಟೈಮ್ ಇಲ್ಲ ಅಂತಾರೆ, ನಂಗೆ ಹಾಗನ್ಸಲ್ಲ. ಅಪ್ಪಾಜಿಯ ಬೂದು ಬಣ್ಣದ ಹಾಫ್ ಸ್ವೆಟರ್ ಬೆನ್ನಿನ ಭಾಗ ಮುಗಿಯೋ ಹೊತ್ತಿಗೆ ಅಷ್ಟೂ ಭಾರ ಒಂದೇ ಅಲ್ಯೂಮಿನಿಯಂ ಕಡ್ಡಿ ಮೇಲೆ ನೇತಾಡ್ತಿರುತ್ತೆ, ಮಣಿಕಟ್ಟು ನೋಯುತ್ತೆ, ಕಡ್ಡಿ ಹಿಂದಿನ ತುದಿ ಕುರ್ಚಿ ಕೈಗೆ ತಗಲ್ತಾನೇ ಇರುತ್ತೆ, ಪಕ್ಕದಲ್ಲಿ ಯಾರೂ ಕೂರೋ ಹಾಗಿಲ್ಲ. ಬೇಜಾರಾಗಿ ಅದನ್ನ ಪಕ್ಕಕ್ಕಿಟ್ಟು ಇನ್ನೊಂದು ಶುರು ಮಾಡೋಣ ಅಂದ್ರೆ ಬೇಕಾದ ನಂಬರ್ ಕಡ್ಡಿ ಅದೇ ಸ್ವೆಟರ್‌ನಲ್ಲಿ ಸಿಕ್ಕಾಕ್ಕೊಂಡಿರುತ್ತೆ! ಹಂಗೆ ಒಂದೊಂದು ಕೆಲಸ ಒಂದೊಂದು ಜೊತೆ ಕಡ್ಡಿ ನುಂಗ್ಕೊಂಡು ಕೂತ್ಬಿಡುತ್ತೆ.

ಈ ಸೆಟ್‌ನಲ್ಲಿ ನಂಗೆ ತುಂಬಾ ಇಷ್ಟ ಆಗಿದ್ದು ಸೂಜಿ ಅಲ್ಲ, ಜೊತೆಗೆ ಬರೋ ಪುಟ್ಟ ಪುಟ್ಟ ಕ್ಯಾಪ್‌ಗಳು. ಹೆಣೀತಿರೋದು ಹೆಣೀತಿರೋ ಹಾಗೇ ತುದಿ ಎರಡೂ ಬಿಚ್ಚಿ, ಕೇಬಲ್‌ನ ಎರಡೂ ಕಡೆ ಕ್ಯಾಪ್ ತಿರುಗಿಸಿದ್ರೆ ಒಂದು ಹೊಲಿಗೆನೂ ಜಾರಲ್ಲ. ಅತ್ತೆಯ ಶಾಲು ಕೇಬಲ್ ಮೇಲೆ ಮಲಗಿದೆ, ಅದೇ 4 ಎಂಎಂ ತುದಿಲಿ ಅಪ್ಪಾಜಿ ಸ್ವೆಟರ್ ನಡೀತಿದೆ. ಬೆಳಿಗ್ಗೆ ಇದು, ರಾತ್ರಿ ಅದು. ಭಾರ ಎಲ್ಲಾ ಮಡಿಲಲ್ಲಿ ಕೂರೋದ್ರಿಂದ ಕೈಗೆ ಸಿಗೋದು ಬರೀ ಆ ತುದಿ ಮತ್ತೆ ನಾಲ್ಕು ಹೊಲಿಗೆ ಅಷ್ಟೇ. ಬಸ್ಸಲ್ಲೂ ಹೆಣಿಯೋಕೆ ಆಗುತ್ತೆ, ನಿಜವಾಗ್ಲೂ.

ಇನ್ನೊಂದು ಉಪಯೋಗ ಯಾರೂ ಹೇಳಲ್ಲ. ಕೇಬಲ್ ಜೋಡಿಸೋ ಕಡೆ ಲೋಹದ ಭಾಗದಲ್ಲಿ ಒಂದು ಸಣ್ಣ ತೂತು ಇರುತ್ತೆ, ಬಿಗಿ ಮಾಡೋ ಕೀ ತೂರಿಸೋಕೆ. ಅದ್ರಲ್ಲಿ ಬೇರೆ ಬಣ್ಣದ ತೆಳು ದಾರ ಪೋಣಿಸಿ ಒಂದು ಸಾಲು ಹೆಣೆದ್ರೆ ಆ ಸಾಲಿನ ಎಲ್ಲಾ ಹೊಲಿಗೆ ಒಳಗೆ ದಾರ ತಾನಾಗೇ ಹೋಗುತ್ತೆ. ಮುಂದೆ ಡಿಸೈನ್ ತಪ್ಪಿದ್ರೂ ಆ ದಾರದವರೆಗೆ ಧೈರ್ಯವಾಗಿ ಬಿಚ್ಚಬಹುದು. ಲೇಸ್ ಡಿಸೈನ್ ಶಾಲು ಹಾಕೋರಿಗೆ ಇದೊಂದೇ ಸಾಕು.

ಹಳೇ ಕೆಲಸ ಎತ್ಕೊಳ್ಳೋಕೆ ಮುಂಚೆ ಮಾತ್ರ ಒಂದು ವಿಷಯ ನೋಡ್ಕೊಳ್ಳಿ. ನಮ್ಮ ಹಳೇ ಕಡ್ಡಿ ಮೇಲಿನ ನಂಬರ್ ದೊಡ್ಡದಾದಷ್ಟೂ ಕಡ್ಡಿ ಸಣ್ಣ, 8 ನಂಬರ್ ಅಂದ್ರೆ 4 ಎಂಎಂ, 10 ಅಂದ್ರೆ 3.25, 12 ಅಂದ್ರೆ 2.75. ಅಮೆರಿಕದ ಪ್ಯಾಟರ್ನ್‌ನಲ್ಲಿ ಇದು ಪೂರ್ತಿ ಉಲ್ಟಾ, ಅಲ್ಲಿ 8 ನಂಬರ್ ಅಂದ್ರೆ 5 ಎಂಎಂ. ಹಾಗಾಗಿ ನಂಬರ್ ಬಿಟ್ಟು ಎಂಎಂ ಲೆಕ್ಕನೇ ಹಿಡೀರಿ. ಅಳತೆ ಒಂದೇ ಇದ್ರೂ ಅಲ್ಯೂಮಿನಿಯಂನಿಂದ ಮರಕ್ಕೆ ಬಂದಾಗ ನಮ್ಮ ಕೈ ಬಿಗಿ ಬದಲಾಗುತ್ತೆ, ಮರದ ಮೇಲೆ ದಾರ ಸ್ವಲ್ಪ ತಡೆದು ಓಡುತ್ತೆ. 10 ಸೆಂ.ಮೀ. ಚೌಕ ಹೆಣೆದು ಹೊಲಿಗೆ ಎಣಿಸಿ, ಹಳೇ ಭಾಗದ ಜೊತೆ ಹೋಲಿಸಿ ನೋಡಿ, ಇಲ್ಲಾಂದ್ರೆ ಸ್ವೆಟರ್ ಮಧ್ಯದಲ್ಲಿ ಅಡ್ಡಗೆರೆ ಥರ ಕಾಣುತ್ತೆ.

ಉಲ್ಲನ್ ಸಾಲದೇ ಹೋದ್ರೆ ಅಂಗಡಿಗೆ ಹೋಗುವಾಗ ಹಳೇ ಉಂಡೆಯ ಲೇಬಲ್ ತಗೊಂಡೇ ಹೋಗಿ, ಅದ್ರಲ್ಲಿ ಡೈ ಲಾಟ್ ನಂಬರ್, ಅಂದ್ರೆ ಒಟ್ಟಿಗೆ ಬಣ್ಣ ಹಾಕಿದ ಕಂತಿನ ನಂಬರ್ ಇರುತ್ತೆ. ಅದೇ ಶೇಡ್ ಆದ್ರೂ ಲಾಟ್ ಬೇರೆ ಆದ್ರೆ ಬಿಸಿಲಲ್ಲಿ ವ್ಯತ್ಯಾಸ ಎದ್ದು ಕಾಣುತ್ತೆ. ಅದೇ ಲಾಟ್ ಸಿಗದಿದ್ರೆ ಎರಡು ಸಾಲು ಹಳೇದು ಎರಡು ಸಾಲು ಹೊಸದು ಅಂತ ಸ್ವಲ್ಪ ದೂರ ಹೆಣೆದ್ರೆ ಬಣ್ಣ ಒಂದ್ರಲ್ಲೊಂದು ಬೆರೆತುಹೋಗುತ್ತೆ. ಅಪ್ಪಾಜಿ ಸ್ವೆಟರ್‌ನ ಮುಂಭಾಗ ಹಂಗೇ ಮಾಡಿದ್ದು, ಎಲ್ಲಿಂದ ಹೊಸ ಉಲ್ಲನ್ ಅಂತ ಈಗ ನಂಗೇ ಹುಡುಕ್ಬೇಕು. ಹಾಕ್ಕೊಂಡು ನೋಡಿ ಅವ್ರು "ಚೆನ್ನಾಗಿ ಬಂದಿದೆ ಕಣಮ್ಮ, ತೋಳಿಂದೂ ಒಂದು ಹಾಕ್ಕೊಡ್ತೀಯಾ" ಅಂದ್ರು, ಅದಕ್ಕೂ ಉಲ್ಲನ್ ತಂದಾಯ್ತು.

ಇನ್ನು ಕೊಳ್ಳೋರು ತಿಳ್ಕೋಬೇಕಾದ್ದು. ಡೀಲಕ್ಸ್ ಸೆಟ್‌ನಲ್ಲಿ ತುದಿಗಳು ಶುರುವಾಗೋದೇ 3.5 ಎಂಎಂನಿಂದ, 8 ಎಂಎಂವರೆಗೆ. ನಮ್ಮಲ್ಲಿ 4 ಪ್ಲೈ ಅನ್ನೋ ತೆಳು ಉಲ್ಲನ್‌ಗೆ ಬಾರ್ಡರ್‌ನ ಒಂದು ಹೊಲಿಗೆ ಸೀದಾ ಒಂದು ಉಲ್ಟಾ ಹಾಕೋದು 12 ನಂಬರಲ್ಲಿ, ಮೈ ಭಾಗ 10 ನಂಬರಲ್ಲಿ, ಎರಡೂ ಈ ಸೆಟ್‌ನಲ್ಲಿಲ್ಲ. ದಪ್ಪ ಉಲ್ಲನ್ ಹೆಣಿಯೋರಿಗೆ ಸರಿ, ತೆಳು ಉಲ್ಲನ್‌ನವರು 3.25 ತುದಿ ಬಿಡಿಯಾಗಿ ತಗೋಬೇಕು, 12 ನಂಬರ್‌ಗೆ ಹಳೇ ಕಡ್ಡಿನೇ ಇಟ್ಕೊಳ್ಳಿ. ಮಕ್ಕಳ ಟೋಪಿ, ತೋಳು ಇಂಥ ಸಣ್ಣ ಸುತ್ತು ಹಾಕೋಕೆ ಈ ತುದಿಗಳು ಉದ್ದ ಜಾಸ್ತಿ, ಉದ್ದ ಕೇಬಲ್ ಹಾಕಿ ಮಧ್ಯದಿಂದ ಕುಣಿಕೆ ಎಳೆದು ಹೆಣಿಯೋ ಮ್ಯಾಜಿಕ್ ಲೂಪ್ ಕಲೀಬೇಕು. ಕಷ್ಟ ಏನಿಲ್ಲ. ಕೇಬಲ್ ಸುರುಳಿ ಸುತ್ಕೊಂಡಿದ್ರೆ ಬಿಸಿನೀರಲ್ಲಿ ಅದ್ದಿ ನೇರ ಮಾಡ್ಕೊಳ್ಳಿ. ತುದಿ ಬರೀ ಕೈಯಲ್ಲಿ ತಿರುಗಿಸಿ ಬಿಡ್ಬೇಡಿ, ಕೀ ಹಾಕಿ ಬಿಗಿ ಮಾಡಿ, ಸಡಿಲ ಆದ್ರೆ ಆ ಸಂದಿಗೆ ಉಲ್ಲನ್ ಸಿಕ್ಕಾಕ್ಕೊಳ್ಳುತ್ತೆ.

ಸೆಟ್‌ಗೆ ಸಾವಿರಗಟ್ಟಲೆ ದುಡ್ಡು ಬೇಕು, ಸುಳ್ಳು ಹೇಳಲ್ಲ. ಅಷ್ಟು ಒಂದೇ ಸಲ ಬೇಡ ಅನ್ಸಿದ್ರೆ ನಿಮ್ಮ ಬ್ಯಾಗಲ್ಲಿರೋ ಕೆಲಸ ಯಾವ ಅಳತೆದು ಅಂತ ಮೊದ್ಲು ನೋಡಿ, ಆ ಒಂದು ಜೊತೆ ತುದಿ, ಒಂದು 80 ಸೆಂ.ಮೀ. ಕೇಬಲ್ ಬಿಡಿಯಾಗಿ ತರಿಸ್ಕೊಳ್ಳಿ. ಕೇಬಲ್ ಪ್ಯಾಕೆಟ್ ಮೇಲಿನ ಉದ್ದ ತುದಿಗಳೂ ಸೇರಿಸಿ ಬರೆದಿರೋದು, ಕೇಬಲ್ ಮಾತ್ರ ಅಳೆದು ಗಾಬರಿ ಆಗ್ಬೇಡಿ.