ಮೀನು ಸಾಗಿಸುವ ಪಿಕಪ್‌ಗೆ ಹೆಚ್ಚುವರಿ ಡೀಸೆಲ್ ಫಿಲ್ಟರ್: ಎರಡು ಮಳೆಗಾಲದ ಬಳಕೆಯ ನಂತರ

ಗಾಡಿ: ಬಿಎಸ್4 (ಹಿಂದಿನ ಹೊಗೆ ನಿಯಮದ) ಕಾಮನ್ ರೇಲ್ ಪಿಕಪ್, ಅಂದರೆ ಅತಿ ಒತ್ತಡದ ಡೀಸೆಲ್ ಒಂದೇ ಪೈಪಿನಿಂದ ಎಲ್ಲ ಇಂಜೆಕ್ಟರಿಗೂ ಹೋಗುವಂಥದ್ದು, ಟ್ಯಾಂಕಿನೊಳಗೆ ಪಂಪ್ ಇಲ್ಲದ್ದು. ಕೂರಿಸಿದ್ದು: ಅಲ್ಯೂಮಿನಿಯಂ ತಲೆ, ಕೆಳಗೆ ಪಾರದರ್ಶಕ ಬೌಲ್, ತಳದಲ್ಲಿ ಡ್ರೈನ್ ತಿರುಪು ಇರುವ 30 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ವಾಟರ್ ಸೆಪರೇಟರ್, ಡೀಸೆಲ್‌ನಿಂದ ನೀರು ಬೇರ್ಪಡಿಸುವ ಫಿಲ್ಟರ್. ಮಲ್ಪೆ ಬಂದರಿನ ಬೋಟುಗಳ ಎಂಜಿನ್ ಪಕ್ಕದಲ್ಲಿ ಕಾಣುತ್ತದಲ್ಲ, ಅದರದೇ ಸಣ್ಣ ಗಾತ್ರ. ಟ್ಯಾಂಕಿಗೂ ಕಂಪನಿ ಫಿಲ್ಟರಿಗೂ ನಡುವೆ ಇದರ ಜಾಗ.

ನೀರು ಹಿಡಿಯುವುದಕ್ಕೆ ಇದು ಒಳ್ಳೆಯ ವಸ್ತು. ಕಸ ಹಿಡಿಯಲೆಂದು ಮಾತ್ರ ಹಾಕಿಸುವುದಾದರೆ ದುಡ್ಡು ದಂಡ, ಆ ಕೆಲಸಕ್ಕೆ ಕಂಪನಿ ಫಿಲ್ಟರನ್ನು ಹೊತ್ತಿಗೆ ಸರಿಯಾಗಿ ಬದಲಿಸಿದರೆ ಸಾಕು.

ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರ ತನಕ 61 ದಿನ ರಜೆ. ಮೀನಿನ ಗಾಡಿಗಳು ಸಾಲಾಗಿ ನಿಲ್ಲುವುದು ಸರಿಯಾಗಿ ಅತಿ ಹೆಚ್ಚು ಮಳೆ ಬೀಳುವ ಈ ಎರಡು ತಿಂಗಳಲ್ಲೇ. ಅರ್ಧ ಖಾಲಿ ಟ್ಯಾಂಕಿನಲ್ಲಿ ತೇವದ ಗಾಳಿ ಹೋಗಿ ಬಂದು ಮಾಡುತ್ತದೆ, ರಾತ್ರಿ ತಂಪಾದಾಗ ಒಳಗೋಡೆಯ ಮೇಲೆ ಹನಿಗಟ್ಟಿ ತಳ ಸೇರುತ್ತದೆ. ನೀರಿಗೂ ಡೀಸೆಲ್‌ಗೂ ನಡುವಿನ ಪದರದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆಯಾಗುತ್ತದೆ. ಆಗಸ್ಟಿನಲ್ಲಿ ಗಾಡಿ ಹೊರಟು ಟ್ಯಾಂಕ್ ಕುಲುಕಿದ ಕೂಡಲೇ ಅದೆಲ್ಲ ಪೈಪಿಗೆ ಬರುತ್ತದೆ. ಮುಚ್ಚಳದ ರಬ್ಬರ್ ಸವೆದಿದ್ದರೆ, ಮೀನಿನ ವಾಸನೆ ಹೋಗಲೆಂದು ಪ್ರೆಶರ್ ವಾಟರ್‌ನಲ್ಲಿ ತೊಳೆಯುವಾಗಲೂ ನೀರು ಒಳಗೆ ಹೋಗುತ್ತದೆ. ಫಿಲ್ಟರಿಗೆ ಮೊದಲು ಆ ರಬ್ಬರ್ ಬದಲಿಸಿ, ಅದು ಅಗ್ಗದ ಕೆಲಸ.

ಕಾಮನ್ ರೇಲ್‌ನಲ್ಲಿ ಒತ್ತಡ 1600 ಬಾರ್ ಮುಟ್ಟುತ್ತದೆ, ಎಂಜಿನ್ನಿಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರಿನೊಳಗೆ ಬಿಡಿಭಾಗಗಳ ನಡುವಿನ ಸಂದು ಕೆಲವೇ ಮೈಕ್ರಾನ್. ಅಲ್ಲಿ ಬೇರೆ ಆಯಿಲ್ ಇಲ್ಲ, ಡೀಸೆಲ್ಲೇ ಜಾರುಕ. ಅದರ ಜಾಗಕ್ಕೆ ನೀರು ಬಂದರೆ ಲೋಹಕ್ಕೆ ಲೋಹ ಉಜ್ಜುತ್ತದೆ, ಗಾಡಿ ನಿಂತಾಗ ತುಕ್ಕು ಹಿಡಿಯುತ್ತದೆ.

ಎಲಿಮೆಂಟ್ (ಫಿಲ್ಟರಿನೊಳಗಿನ ಬದಲಿಸುವ ಜರಡಿ) ಆರಿಸುವಾಗ ಹೆಚ್ಚಿನವರು ಎಡವುತ್ತಾರೆ. ರಾಕಾರ್ ಎಂಬ ಫಿಲ್ಟರ್ ಬ್ರಾಂಡಿನ ಟರ್ಬೈನ್ ಮಾದರಿಗಳ ಬಣ್ಣದ ಲೆಕ್ಕ ಹೀಗೆ: ಕೆಂಪು 30, ನೀಲಿ 10, ಕಂದು 2 ಮೈಕ್ರಾನ್. 2 ಅಂದರೆ ಹೆಚ್ಚು ಶುದ್ಧ ಅಲ್ಲವೇ ಎಂದು ಕಂದು ಬಣ್ಣದ್ದನ್ನು ಎಳೆಯುವ ಬದಿಗೆ (ಪಂಪ್ ಟ್ಯಾಂಕಿನಿಂದ ಡೀಸೆಲ್ ಎಳೆಯುವ ಪೈಪಿಗೆ) ಹಾಕಿದರೆ ಲೋಳೆಗೆ ಬೇಗ ಕಟ್ಟುತ್ತದೆ, ಪಂಪಿಗೆ ಡೀಸೆಲ್ ಸಾಲದೆ ಶಿರಾಡಿ ಘಾಟಿ ಏರುವಾಗ ಗಾಡಿ ಏದುಸಿರು ಬಿಡುತ್ತದೆ. ಮೊದಲ ಜರಡಿ ದೊಡ್ಡ ಕಣ್ಣಿನದೇ ಇರಲಿ. ಫಿಲ್ಟರಿನ ಸಾಮರ್ಥ್ಯವನ್ನೂ ಮೈಲೇಜ್ ನೋಡಿ ಲೆಕ್ಕ ಹಾಕಬೇಡಿ; ಪಂಪ್ ಎಳೆಯುವುದು ಎಂಜಿನ್ ಸುಡುವುದಕ್ಕಿಂತ ಎಷ್ಟೋ ಹೆಚ್ಚು, ಉಳಿದದ್ದು ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ವಾಪಸ್. ಗಂಟೆಗೆ 100 ಲೀಟರಿಗಿಂತ ಕಡಿಮೆ ಎಂದು ಬರೆದಿರುವುದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಬೈಕಿನ ಪೆಟ್ರೋಲ್ ಪೈಪಿಗೆ ಹಾಕುವ ಪ್ಲಾಸ್ಟಿಕ್ ಫಿಲ್ಟರಂತೂ ಬೇಡವೇ ಬೇಡ.

ಕೂರಿಸುವ ಜಾಗ ಚಾಸಿಯ ಒಳಬದಿ, ಸೈಲೆನ್ಸರಿನಿಂದ ದೂರ, ಬೌಲ್ ಚಾಸಿಗಿಂತ ಕೆಳಗೆ ಇಳಿಯದಂತೆ. ಕಲ್ಲು ಬಡಿಯದ ಹಾಗೆ ಮುಂದೆ ಒಂದು ತಗಡು ಬೇಕು. ಬಾಡಿಯಿಂದ ಮಂಜುಗಡ್ಡೆಯ ಉಪ್ಪುನೀರು ಎಲ್ಲಿ ತೊಟ್ಟಿಕ್ಕುತ್ತದೆ ಎಂದು ಒಂದು ಟ್ರಿಪ್ ಗಮನಿಸಿ, ಆ ಗೆರೆಯನ್ನು ಬಿಟ್ಟು ಕೂರಿಸಿ. ಜೊತೆಗೆ ಬರುವ ಕಬ್ಬಿಣದ ಬ್ರಾಕೆಟ್ ಒಂದೇ ಮಳೆಗಾಲಕ್ಕೆ ಪದರ ಪದರವಾಗಿ ಏಳುತ್ತದೆ; ಈ ವಸ್ತುವಿನ ಮೇಲಿನ ದೊಡ್ಡ ದೂರು ಅದೇ. ಸ್ಟೀಲ್ ಬೋಲ್ಟ್ ಅಲ್ಯೂಮಿನಿಯಂ ತಲೆಗೆ ಹೋಗುವಲ್ಲಿ ಗ್ರೀಸ್ ಹಚ್ಚದಿದ್ದರೆ ಬಿಳಿ ಪುಡಿ ಕಟ್ಟಿ ಮುಂದೆ ಬಿಚ್ಚಲು ಬಾರದು. ಪ್ಲಂಬಿಂಗ್ ಅಂಗಡಿಯ ಜಿಐ (ಸತು ಲೇಪಿಸಿದ ಕಬ್ಬಿಣದ) ಎಲ್ಬೋ ಬಳಸಬೇಡಿ, ಸತು ಡೀಸೆಲ್ ಜೊತೆ ಸೇರಿ ಗಷ್ಟು ಕಟ್ಟುತ್ತದೆ. ತಿರುಪಿನ ಮರೆಗೆ (ಥ್ರೆಡ್‌ಗೆ) ಟೆಫ್ಲಾನ್ ಟೇಪ್ ಸುತ್ತಿದರೆ ಅದರ ಎಳೆ ಹರಿದು ಒಳಗೆ ಹೋಗುತ್ತದೆ. ಡೀಸೆಲ್ ತಾಳುವ ದ್ರವ ಸೀಲೆಂಟ್ ಸಿಗುತ್ತದೆ, ಅದನ್ನೇ ಹಚ್ಚಿ.

ಕಾಟ ಕೊಡುವುದು ಗಾಳಿ. ಇದು ಎಳೆಯುವ ಬದಿಯಾದ್ದರಿಂದ ಜೋಡಣೆ ಸಡಿಲವಿದ್ದರೂ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ನೆಲದಲ್ಲಿ ಒಂದು ಹನಿಯೂ ಇರದು, ಮೆಕ್ಯಾನಿಕ್ ಬ್ಯಾಟರಿ ಪರೀಕ್ಷಿಸುತ್ತಾ ಕೂರುತ್ತಾರೆ. ಬೆಳಿಗ್ಗೆ ಸ್ಟಾರ್ಟ್ ಆಗಿ ಹತ್ತು ಸೆಕೆಂಡಿಗೆ ಆಫ್ ಆಗುವುದು, ಮಣಿಪಾಲದ ಏರಿನಲ್ಲಿ ಮೂತಿ ಮೇಲೆ ಮಾಡಿ ನಿಲ್ಲಿಸಿದ ದಿನ ಇನ್ನೂ ಹೆಚ್ಚು ಸತಾಯಿಸುವುದು, ಇವೇ ಗುರುತು. ಸೆಪರೇಟರಿಗೂ ಕಂಪನಿ ಫಿಲ್ಟರಿಗೂ ನಡುವೆ ತಾತ್ಕಾಲಿಕವಾಗಿ ಒಂದು ಅಡಿ ಪಾರದರ್ಶಕ ಪೈಪ್ ಹಾಕಿ ನೋಡಿ. ಮೊದಲ ಐದು ನಿಮಿಷದ ಗುಳ್ಳೆ ಸಹಜ, ಆಮೇಲೂ ಬರುತ್ತಿದ್ದರೆ ಹಳೆಯ ಹೋಸ್ ಅಥವಾ ಕ್ಲಿಪ್ ಕಾರಣ. ಹೋಸ್ ಡೀಸೆಲ್‌ಗೆಂದೇ ಮಾಡಿದ್ದಿರಲಿ, ಒಳಅಳತೆ ಹಳೆಯದಕ್ಕೆ ಸರಿಯಾಗಿ ಹೊಂದಲಿ. ಕೈಯಿಂದ ಒತ್ತುವ ಬಲ್ಬ್ ಒಂದನ್ನು ಲೈನಿಗೆ ಸೇರಿಸಿಕೊಳ್ಳಿ. ಗಟ್ಟಿಯಾಗುವ ತನಕ ಒತ್ತಿದ ಮೇಲೆ ಸ್ಟಾರ್ಟ್ ಮಾಡಿ. ಹಳೇ ಎಂಜಿನ್ನಿನ ಅಭ್ಯಾಸದಿಂದ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ಗಾಳಿ ತೆಗೆಯಲು ಹೋಗಬೇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ.

ಮಳೆಗಾಲದಲ್ಲಿ ವಾರಕ್ಕೊಮ್ಮೆ, ಉಳಿದಂತೆ ತಿಂಗಳಿಗೊಮ್ಮೆ ಬೌಲ್ ಖಾಲಿ ಮಾಡಬೇಕು. ರಾತ್ರಿಯಿಡೀ ನಿಂತ ಗಾಡಿಯಲ್ಲಿ ನೀರು ತಳ ಸೇರಿರುತ್ತದೆ, ಹಾಗಾಗಿ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಈ ಕೆಲಸ. ಡ್ರೈನ್ ತೆರೆದರೂ ಏನೂ ಇಳಿಯದಿದ್ದರೆ ಮೇಲಿನ ಏರ್ ತಿರುಪು ಸಡಿಲಿಸಿ. ಸುಮಾರು 100 ಎಂ.ಎಲ್. ಅನ್ನು ಗಾಜಿನ ಬಾಟಲಿಗೆ ಹಿಡಿದು ಹತ್ತು ನಿಮಿಷ ಇಡಿ, ನೀರಿದ್ದರೆ ಕೆಳಗೆ ಬೇರೆಯಾಗಿ ಕಾಣುತ್ತದೆ. ಅದನ್ನು ಅಂಗಳಕ್ಕೆ ಚೆಲ್ಲಬೇಡಿ, ಬಾವಿ ದೂರವಿರುವುದಿಲ್ಲ. ಗ್ಯಾರೇಜಿನ ಹಳೇ ಆಯಿಲ್ ಡ್ರಮ್ಮಿಗೆ ಕೊಡಿ. ತಿರುಪು ಮುಚ್ಚಿ ಬಲ್ಬ್ ಒತ್ತಿದ ಮೇಲಷ್ಟೇ ಕೀ ತಿರುಗಿಸಿ. ಬೌಲ್ ಪ್ಲಾಸ್ಟಿಕ್ಕಿನದಾದರೆ ಡೀಸೆಲ್‌ನಲ್ಲೇ ತೊಳೆಯಿರಿ, ಥಿನ್ನರ್ ತಾಗಿದರೆ ಕೂದಲೆಳೆ ಬಿರುಕು ಬಿಡುತ್ತದೆ. ಎಲಿಮೆಂಟ್ ಬದಲಿಸುವಾಗ ಓ ರಿಂಗನ್ನೂ ಬದಲಿಸಿ, ಹಳೆಯದು ಊದಿಕೊಂಡಿರುತ್ತದೆ, ಮತ್ತೆ ಸರಿಯಾಗಿ ಕೂರುವುದಿಲ್ಲ.

ಕಂಪನಿ ಫಿಲ್ಟರಿನ ನೀರಿನ ಸೆನ್ಸರ್ ವಯರ್ ಹಾಗೇ ಇರಲಿ. ಟ್ಯಾಂಕಿನೊಳಗೇ ಪಂಪ್ ಇರುವ ಗಾಡಿಗಳಲ್ಲಿ ಈ ಪೈಪಿಗೆ ಒತ್ತಡ ಬರುತ್ತದೆ, ಎಳೆಯುವ ಬದಿಗೆಂದು ಮಾಡಿದ ಬೌಲ್ ಅಲ್ಲಿ ಸೋರಬಹುದು. ಕೊಳ್ಳುವ ಮೊದಲು ಅದನ್ನು ಕೇಳಿ ತಿಳಿದುಕೊಳ್ಳಿ. ವಾರಂಟಿ ಇರುವ ಗಾಡಿಯ ಡೀಸೆಲ್ ಪೈಪ್ ಕತ್ತರಿಸಿದರೆ ಮುಂದೆ ಪಂಪ್, ಇಂಜೆಕ್ಟರ್ ಕ್ಲೇಮಿಗೆ ತಕರಾರು ಬರುತ್ತದೆ. ಇನ್ನು ದಿನವೂ ಓಡುವ, ಸಂಜೆ ಬಂಕಿನಲ್ಲಿ ಟ್ಯಾಂಕ್ ತುಂಬಿಸಿಯೇ ನಿಲ್ಲಿಸುವ ಗಾಡಿಯಾದರೆ ಇದನ್ನು ಹಾಕಿಸುವ ತುರ್ತೇನೂ ಇಲ್ಲ.